ತಾಮ್ರದ ತಗಡಿನ ಮೇಲೆ ರಾಜಶವಯಾತ್ರೆ

ಅರಸನ ಮರಣ ಪ್ರಜೆಗಳಿಗೆ ದುಃಖದ ಸಂಗತಿ. ಅರಸುಮನೆತನಕ್ಕಾದರೋ ಅದು ದುಃಖದೊಡನೆ ಭಯವನ್ನೂ ತರುವ ಗಳಿಗೆ. ‘ಮುಂದೆ ಯಾರು?’ ಎಂಬ ಪ್ರಶ್ನೆ ಶವಪೆಟ್ಟಿಗೆಯ ಹಿಂದೆಯೇ ನಡೆದು ಬರುತ್ತದೆ. ಛಾಯಾಚಿತ್ರವಿಲ್ಲದ ಹದಿನೆಂಟನೆಯ ಶತಮಾನದಲ್ಲಿ ಅದಕ್ಕೆ ಉತ್ತರ ಹೇಳುವ ಹೊಣೆ ಮುದ್ರಣಚಿತ್ರಕಾರರ ಪಾಲಿಗೂ ಬಂದಿತ್ತು.

ಹಾಲೆಂಡಿನಲ್ಲಿ ಇದಕ್ಕೊಂದು ಉತ್ತಮ ನಿದರ್ಶನವುಂಟು. ಆಗ ಅದು ಹೆಸರಿಗೆ ಗಣರಾಜ್ಯ. ಆದರೆ 1747ರಲ್ಲಿ ಆರೆಂಜ್ ಮನೆತನದ ನಾಲ್ಕನೆಯ ವಿಲಿಯಂ ಏಳು ಪ್ರಾಂತಗಳಿಗೂ ಅಧಿಪತಿಯಾದನು. ಆ ಪದವಿ ವಂಶಪಾರಂಪರ್ಯವೂ ಆಯಿತು. 1751ರ ಅಕ್ಟೋಬರಿನಲ್ಲಿ, ನಲವತ್ತರ ಪ್ರಾಯದಲ್ಲೇ, ಆತ ತೀರಿಕೊಂಡಾಗ ಉತ್ತರಾಧಿಕಾರಿಗೆ ಇನ್ನೂ ಮೂರು ವರ್ಷ! ಇಂಗ್ಲೆಂಡಿನ ಎರಡನೆಯ ಜಾರ್ಜ್ ದೊರೆಯ ಮಗಳಾದ ಪತ್ನಿ ಆನ್, ಮಗುವಿನ ಪರವಾಗಿ ಆಡಳಿತ ವಹಿಸಿಕೊಂಡಳು.

1752ರ ಫೆಬ್ರವರಿ 4ರಂದು ಹೇಗ್ ನಗರದಿಂದ ಡೆಲ್ಫ್ಟ್ ಪಟ್ಟಣದ ಹೊಸ ಇಗರ್ಜಿಗೆ ಶವಯಾತ್ರೆ ಸಾಗಿತು. ಅದನ್ನು ವಾನ್ ಕಾಯ್ಕ್ ಎಂಬ ಕಲಾವಿದ ಚಿತ್ರಿಸಿದನು. ಯಾನ್ ಪಂಟ್ ತಾಮ್ರದ ತಗಡುಗಳ ಮೇಲೆ ಕೊರೆದನು. ಪಂಟ್ ಆಮ್‌ಸ್ಟರ್‌ಡ್ಯಾಮಿನ ರಂಗಭೂಮಿಯ ಹೆಸರಾಂತ ನಟನೂ ಹೌದು. ನಲವತ್ತಕ್ಕೂ ಮಿಕ್ಕ ಆ ಚಿತ್ರಗಳು 1755ರಲ್ಲಿ ಗ್ರಂಥರೂಪದಲ್ಲಿ ಹೊರಬಂದವು.

ತಾಮ್ರಮುದ್ರಣ ತಾಳ್ಮೆಯ ಕೆಲಸ. ಕೊರೆದ ಗೆರೆಗಳಲ್ಲಿ ಶಾಯಿ ತುಂಬಿ, ಮೇಲ್ಮೈಯನ್ನು ಒರೆಸಿ, ಒದ್ದೆ ಕಾಗದವನ್ನಿಟ್ಟು ಉರುಳೆಗಳ ನಡುವೆ ಒತ್ತಬೇಕು. ಮುದ್ರಿತ ಚಿತ್ರದಲ್ಲಿ ಎಡ ಬಲವಾಗುವುದರಿಂದ ಇಡೀ ಮೆರವಣಿಗೆಯನ್ನು ಕನ್ನಡಿಯ ಬಿಂಬದಂತೆ ತಿರುಗುಮುರುಗಾಗಿ ಕೊರೆಯಬೇಕು.

ಬೀದಿಯಲ್ಲಿ ನಿಂತವನಿಗೆ ಕಣ್ಣೆದುರು ಸಾಗುವಷ್ಟೇ ಕಾಣುತ್ತದೆ. ಪುಟ ತಿರುವುವವನಿಗಾದರೋ ಸೈನಿಕರು, ಕಪ್ಪುಹೊದಿಕೆಯ ಕುದುರೆಗಳು, ಶೋಕವಸ್ತ್ರದ ಅಧಿಕಾರಿಗಳು ಎಲ್ಲರೂ ತಂತಮ್ಮ ಅಂತಸ್ತಿಗೆ ತಕ್ಕ ಸಾಲಿನಲ್ಲಿ ಕಾಣಸಿಗುತ್ತಾರೆ. ನೂಕುನುಗ್ಗಲಿಲ್ಲ, ಗೊಂದಲವಿಲ್ಲ. ಒಡೆಯ ಹೋದರೂ ವ್ಯವಸ್ಥೆ ಕದಲಿಲ್ಲವೆಂಬುದೇ ಆ ಸಾಲಿನ ಅರ್ಥ. ಇದೇ ಮನೆತನದ ಮೂಲಪುರುಷನಾದ ಮೊದಲ ವಿಲಿಯಂ 1584ರಲ್ಲಿ ಕೊಲೆಯಾದಾಗ ಗೋಲ್ಟ್ಸಿಯಸ್ ಎಂಬಾತ 12 ತಗಡುಗಳಲ್ಲಿ ಶವಯಾತ್ರೆಯನ್ನು ಮೂಡಿಸಿದ್ದನು. ಪಂಟ್ ಆ ಪರಂಪರೆಯನ್ನೇ ಮುಂದುವರಿಸಿದನು.

ಆದರೆ ವಿಧಿ ಚಿತ್ರದ ಸಾಲಿನಂತೆ ನಡೆಯಲಿಲ್ಲ. 1759ರಲ್ಲಿ ತಾಯಿಯೂ ತೀರಿದಳು. ಬಾಲಕನಿಗಾಗ ಹತ್ತು ವರ್ಷ. ಆಕೆಯ ಶವಯಾತ್ರೆಯನ್ನು ಸಿಮೊನ್ ಫೋಕ್ಕೆ ತಾಮ್ರಕ್ಕಿಳಿಸಿದನು. ಬೆಳೆದು ಅಧಿಪತಿಯಾದ ಐದನೆಯ ವಿಲಿಯಂ, 1795ರಲ್ಲಿ ಫ್ರೆಂಚ್ ಸೇನೆ ನುಗ್ಗಿದಾಗ ಇಂಗ್ಲೆಂಡಿಗೆ ಪಲಾಯನ ಮಾಡಿದನು. 1806ರಲ್ಲಿ ಜರ್ಮನಿಯ ಬ್ರೌನ್‌ಶ್ವೈಗ್‌ನಲ್ಲಿ ಕಣ್ಮುಚ್ಚಿದನು. ಹೆತ್ತವರ ಅಂತಿಮಯಾತ್ರೆಗಳು ತಲುಪಿದ್ದ ಡೆಲ್ಫ್ಟ್‌ನ ಇಗರ್ಜಿಗೆ ಆತನ ಅವಶೇಷಗಳು ಬಂದು ಸೇರಿದ್ದು 1958ರಲ್ಲಿ, 152 ವರ್ಷಗಳ ತರುವಾಯ.