ಬೇಲಿ ಕಿತ್ತ ಕಾಡಿನಲ್ಲಿ ಮಧುಚಂದ್ರ

ಮಧುಚಂದ್ರಕ್ಕೆಂದು ಬಂದ ನವದಂಪತಿಗಳನ್ನು ಬೆಳಕು ಹರಿಯುವ ಮುನ್ನವೇ ಬಾಗಿಲು ತಟ್ಟಿ ಎಬ್ಬಿಸುವ ಜಾಗವೊಂದಿದೆ. ರಾತ್ರಿ ಊಟ ಮುಗಿಸಿ ಕೋಣೆಗೆ ಮರಳುವಾಗ ಅಲ್ಲಿ ಇಬ್ಬರೇ ನಡೆದು ಹೋಗುವಂತಿಲ್ಲ. ಕಾವಲಿನವರು ಜೊತೆಗೆ ಬರಬೇಕು. ಏಕೆಂದರೆ ಅಲ್ಲಿನ ಅನೇಕ ಬಿಡಾರಗಳ ಅಂಗಳಕ್ಕೆ ಚಿರತೆ ಬರದಂತೆ ತಡೆಯುವ ಗೋಡೆಯಿಲ್ಲ. ಇಷ್ಟಾದರೂ ಹೊಸದಾಗಿ ಮದುವೆಯಾದವರು ದುಬಾರಿ ಹಣ ತೆತ್ತು ದೇಶದೇಶಗಳಿಂದ ಬರುತ್ತಾರೆ. ಅದು ದಕ್ಷಿಣ ಆಫ್ರಿಕದ ಸಾಬಿ ಸ್ಯಾಂಡ್ ಎಂಬ ಖಾಸಗಿ ವನ್ಯಧಾಮ.

ಭೂಪಟದಲ್ಲಿ ಆ ದೇಶದ ಈಶಾನ್ಯ ಮೂಲೆಯನ್ನು ನೋಡಿ. ಅಲ್ಲಿ ಉದ್ದಕ್ಕೆ ಚಾಚಿಕೊಂಡಿರುವುದು ಕ್ರೂಗರ್ ರಾಷ್ಟ್ರೀಯ ಉದ್ಯಾನ. 1926ರಲ್ಲಿ ಸ್ಥಾಪನೆಯಾದ ಇದರ ವಿಸ್ತಾರ ಸುಮಾರು 19,500 ಚದರ ಕಿಲೋಮೀಟರ್. ಅಂದರೆ ನಮ್ಮ ಕೊಡಗು ಜಿಲ್ಲೆಯ ನಾಲ್ಕೂವರೆ ಪಟ್ಟಿಗಿಂತಲೂ ಹೆಚ್ಚು! ಇದರ ಪಶ್ಚಿಮದ ಅಂಚಿಗೆ ತಾಗಿಕೊಂಡಿರುವ ಸಾಬಿ ಸ್ಯಾಂಡ್ ಸುಮಾರು 650 ಚದರ ಕಿಲೋಮೀಟರ್, ಹೆಚ್ಚುಕಡಿಮೆ ನಾಗರಹೊಳೆ ರಾಷ್ಟ್ರೀಯ ಉದ್ಯಾನದಷ್ಟು. ಆದರೆ ನಾಗರಹೊಳೆ ಸರ್ಕಾರದ ಕಾಡು. ಸಾಬಿ ಸ್ಯಾಂಡ್ ಹಲವು ಜಮೀನುದಾರರದು. ಅಕ್ಕಪಕ್ಕದ ಮಾಲೀಕರು 1950ರ ಸುಮಾರಿಗೆ ಒಂದಾಗಿ, ತಮ್ಮ ನೆಲವನ್ನು ಒಂದೇ ವನ್ಯಧಾಮವಾಗಿ ಕಾಪಾಡಲು ನಿರ್ಧರಿಸಿದರು.

ಬೇಲಿಯ ಕಥೆ

1961ರಲ್ಲಿ ಕ್ರೂಗರ್ ಮತ್ತು ಸಾಬಿ ಸ್ಯಾಂಡ್ ನಡುವೆ ಬೇಲಿ ಎದ್ದಿತು. ಉದ್ದೇಶ ಕೆಟ್ಟದ್ದೇನಲ್ಲ. ಆಫ್ರಿಕದ ಕಾಡೆಮ್ಮೆಗಳ ದೇಹದಲ್ಲಿ ಕಾಲುಬಾಯಿ ಜ್ವರದ ವೈರಸ್ಸು ಅವಕ್ಕೆ ಹೆಚ್ಚಿನ ತೊಂದರೆ ಕೊಡದೆಯೇ ಇರಬಲ್ಲದು. ಅದು ಹೊರಗಿನ ದನಕರುಗಳಿಗೆ ಹರಡದಿರಲೆಂದು ಈ ಏರ್ಪಾಡು. ಆದರೆ ವೈಲ್ಡ್‌ಬೀಸ್ಟ್ ಎಂಬ ಗೊರಸಿನ ಪ್ರಾಣಿಗಳ ಹಿಂಡುಗಳು ಋತುಮಾನಕ್ಕೆ ತಕ್ಕಂತೆ ನೀರು, ಮೇವು ಅರಸಿ ಪಶ್ಚಿಮಕ್ಕೆ ಸಾಗುತ್ತಿದ್ದ ದಾರಿಗೆ ಈ ತಂತಿಯೇ ಅಡ್ಡವಾಯಿತು. ಆ ಹಿಂಡುಗಳ ಸಂಖ್ಯೆ ತೀರ ಕುಸಿಯಿತು. ಕಾಡೆಂದರೆ ಬರಿಯ ಮರಗಳಲ್ಲ, ದಾರಿಯೂ ಕಾಡಿನ ಒಂದು ಅಂಗ ಎಂಬುದಕ್ಕೆ ಇದಕ್ಕಿಂತ ಬೇರೆ ಪಾಠ ಬೇಕಿಲ್ಲ.

ಕೊನೆಗೆ 1993ರಲ್ಲಿ ಆ ಬೇಲಿಯನ್ನು ಕಿತ್ತುಹಾಕಿದರು. ಇಂದು ಸರ್ಕಾರಿ ಕಾಡಿನ ಆನೆ ಖಾಸಗಿ ಕಾಡಿಗೆ ಬರುತ್ತದೆ, ಹೋಗುತ್ತದೆ. ನವದಂಪತಿಗಳು ಬಾಡಿಗೆ ಕೊಡುವುದು ಕೋಣೆಗೆ. ಪ್ರಾಣಿಗಳು ಯಾವ ಬಿಡಾರದ ಸ್ವತ್ತೂ ಅಲ್ಲ.

ಜೀಪಿನಲ್ಲಿ ವಿಜ್ಞಾನ

ಬೆಳಿಗ್ಗೆ ಒಮ್ಮೆ, ಸಂಜೆ ಒಮ್ಮೆ ತೆರೆದ ಜೀಪಿನಲ್ಲಿ ಸವಾರಿ. ಜೀಪಿನ ಮೂತಿಯ ಮೇಲೆ ಪುಟ್ಟ ಆಸನವೊಂದಿದೆ. ಅಲ್ಲಿ ಕೂತವನೇ ಹೆಜ್ಜೆ ಜಾಡು ಹಿಡಿಯುವವನು, ಟ್ರ್ಯಾಕರ್. ಪ್ರವಾಸಿಗರಿಗೆ ಮೊದಲ ಎಚ್ಚರಿಕೆ, ಎದ್ದು ನಿಲ್ಲಬೇಡಿ ಎಂಬುದು. ಹಲವು ವರ್ಷಗಳಿಂದ ತಮಗೆ ಕೇಡು ಮಾಡದ ಜೀಪನ್ನು ಅಲ್ಲಿನ ಪ್ರಾಣಿಗಳು ಜನರನ್ನೂ ಸೇರಿಸಿ ಒಂದೇ ಆಕೃತಿಯಾಗಿ ಕಾಣುತ್ತವೆ. ಯಾರಾದರೂ ಎದ್ದುನಿಂತರೆ ಆ ಆಕೃತಿ ಒಡೆದು, ಮನುಷ್ಯ ಬೇರೆಯಾಗಿ ಕಾಣುತ್ತಾನೆ.

ಕತ್ತಲಾದ ಮೇಲೆ ದೊಡ್ಡ ಟಾರ್ಚು ಹಾಯಿಸಿದರೆ ಪೊದೆಯೊಳಗೆ ಎರಡು ಕಿಡಿ ಹೊಳೆಯುತ್ತವೆ. ಚಿರತೆಯ ಕಣ್ಣಿನ ಅಕ್ಷಿಪಟಲದ ಹಿಂದೆ ಕನ್ನಡಿಯಂಥ ಪದರವೊಂದಿದೆ. ಒಮ್ಮೆ ಹಾದುಹೋದ ಬೆಳಕನ್ನು ಅದು ಮರಳಿ ಅಕ್ಷಿಪಟಲಕ್ಕೆ ಕಳಿಸುವುದರಿಂದ ಮಬ್ಬಿನಲ್ಲೂ ಚಿರತೆಗೆ ಕಾಣುತ್ತದೆ. ನಮ್ಮ ಮನೆಯ ಬೆಕ್ಕಿನ ಕಣ್ಣು ಹೊಳೆಯುವುದೂ ಹೀಗೆಯೇ. ಒಂದು ಚಿರತೆಯನ್ನು ಇನ್ನೊಂದರಿಂದ ಬೇರೆ ಮಾಡಿ ಗುರುತಿಸಲು ಅಲ್ಲಿನವರು ಮೀಸೆಸಾಲಿನ ಮೇಲಿರುವ ಚುಕ್ಕೆಗಳನ್ನು ಎಣಿಸುತ್ತಾರೆ: ಒಂದು ಕೆನ್ನೆಯಲ್ಲಿ ಮೂರು, ಇನ್ನೊಂದರಲ್ಲಿ ಎರಡು, ಹೀಗೆ. ಸಾಬಿ ಸ್ಯಾಂಡಿನ ಲೊಂಡೊಲೋಜಿ ಬಿಡಾರದವರು 1979ರಿಂದ ಚಿರತೆಗಳನ್ನು ಹೀಗೆ ಬಿಡಿಬಿಡಿಯಾಗಿ ಗಮನಿಸುತ್ತ, ತಾಯಿ, ಮಗಳು, ಮೊಮ್ಮಗಳು ಎಂದು ವಂಶಾವಳಿಯನ್ನೇ ಬರೆದಿಟ್ಟಿದ್ದಾರೆ.

ಈ ಲೊಂಡೊಲೋಜಿ ಮೊದಲು ಬೇಟೆಗಾರರ ಬಿಡಾರ. 1926ರಲ್ಲಿ ಕೊಂಡಾಗ ಅದು ಸೋತ ದನದ ಫಾರಂ. 1973ರಲ್ಲಿ ಡೇವ್ ಮತ್ತು ಜಾನ್ ವಾರ್ಟಿ ಎಂಬ ಅಣ್ಣತಮ್ಮಂದಿರು ಕೋವಿಯ ಬದಲು ಕ್ಯಾಮೆರಾದ ಸಫಾರಿ ಆರಂಭಿಸಿದರು. ಕೆನ್ ಟಿನ್ಲೆ ಎಂಬ ಪರಿಸರ ವಿಜ್ಞಾನಿಯ ಸಲಹೆಯಂತೆ, ದನಗಳು ಮೇದು ಬರಡಾಗಿ ಮುಳ್ಳುಪೊದೆ ಮುಸುಕಿದ್ದ ನೆಲವನ್ನು ಸವರಿ, ಮಳೆನೀರು ಇಂಗುವಂತೆ ಮಾಡಿದರು. ಹುಲ್ಲು ಬಂತು, ಹುಲ್ಲಿನ ಹಿಂದೆ ಜಿಂಕೆಯಂಥ ಇಂಪಾಲಗಳು, ಅವುಗಳ ಹಿಂದೆ ಚಿರತೆ. ಆಹಾರ ಸರಪಳಿಯನ್ನು ಶಾಲೆಯಲ್ಲಿ ಓದುವ ಮಕ್ಕಳಿಗೆ ಇದು ಕಣ್ಣೆದುರಿನ ಉದಾಹರಣೆ.

ನೆಲ ಯಾರದು?

ಆದರೆ ಈ ಚೆಲುವಾದ ಕಾಡಿಗೆ ಇನ್ನೊಂದು ಮುಖವಿದೆ. ಅಲ್ಲಿ ತಲೆಮಾರುಗಳಿಂದ ಬಾಳಿದ್ದ ಶಾಂಗಾನ್ ಜನರಲ್ಲಿ ಹಲವರನ್ನು ವರ್ಣಭೇದದ ದಿನಗಳಲ್ಲಿ ನೆಲದಿಂದ ಹೊರಹಾಕಲಾಗಿತ್ತು. ಜಾಡು ಓದುವ ವಿದ್ಯೆ ಅವರದು, ಜಮೀನಿನ ಪತ್ರ ಮಾತ್ರ ಬೇರೆಯವರದು. 1994ರಲ್ಲಿ ಪ್ರಜಾಪ್ರಭುತ್ವ ಬಂದಾಗ, ಕಳೆದುಕೊಂಡ ಭೂಮಿಯನ್ನು ಮರಳಿ ಕೇಳಲು ಕಾನೂನು ಬಂತು. 2013ರಲ್ಲಿ ಸರ್ಕಾರ ಸುಮಾರು 100 ಕೋಟಿ ರಾಂಡ್ ಕೊಟ್ಟು, ಮಾಲಾ ಮಾಲಾ ಎಂಬ ಹೆಸರಾಂತ ಬಿಡಾರದ ಸುಮಾರು 13,000 ಹೆಕ್ಟೇರ್ ನೆಲವನ್ನು ಕೊಂಡು ಆ ಸಮುದಾಯಕ್ಕೆ ಒಪ್ಪಿಸಿತು. ಅವರು ಅದನ್ನು ಉಳುಮೆಗೆ ಹಂಚಿಕೊಳ್ಳಲಿಲ್ಲ. ಕಾಡನ್ನು ಕಾಡಾಗಿಯೇ ಇಟ್ಟು ಬಿಡಾರವನ್ನು ಮುಂದುವರಿಸಿದರು.

ಜಾಡು ಹಿಡಿಯುವ ವಿದ್ಯೆಗೂ ಈಗ ಪಾಠಶಾಲೆಯಿದೆ. 2010ರಲ್ಲಿ ಆರಂಭವಾದ ಟ್ರ್ಯಾಕರ್ ಅಕಾಡೆಮಿ ಹಳ್ಳಿಯ ಯುವಕರಿಗೆ ಈ ವಿದ್ಯೆ ಕಲಿಸಿ ಪ್ರಮಾಣಪತ್ರ ಕೊಡುತ್ತದೆ. ಹೆಚ್ಚು ಓದದ ಅಜ್ಜನ ಅರಿವು ಮೊಮ್ಮಗನ ಪದವಿಯಾಗುತ್ತಿದೆ.

ಹೋಗುವ ಆಸೆಯುಳ್ಳವರಿಗೆ ಎರಡು ಮಾತು. ಅದು ಮಲೇರಿಯಾ ಪ್ರದೇಶ. ಹೊರಡುವ ಮುನ್ನ ವೈದ್ಯರನ್ನು ಕಂಡು ತಡೆಮಾತ್ರೆಯ ಬಗ್ಗೆ ಕೇಳಬೇಕು. ಅನೇಕ ಬಿಡಾರಗಳಲ್ಲಿ ಚಿಕ್ಕ ಮಕ್ಕಳಿಗೆ ಜೀಪಿನ ಸವಾರಿಯಿಲ್ಲ.

ಪೂರ್ವದ ಬೇಲಿಯೇನೋ ಹೋಯಿತು. ಪಶ್ಚಿಮದಲ್ಲಿ ಹಳ್ಳಿಗಳ ಕಡೆಗೆ ವಿದ್ಯುತ್ ಬೇಲಿ ಇದ್ದೇ ಇದೆ. ಸಿಂಹ ಕೊಟ್ಟಿಗೆಗೆ ನುಗ್ಗಬಾರದೆಂದರೆ, ದನಕ್ಕೆ ರೋಗ ತಗಲಬಾರದೆಂದರೆ ಅದು ಇರಲೇಬೇಕು. ಆದರೆ ಮಧುಚಂದ್ರದ ಹಣದಲ್ಲಿ ಒಂದು ಪಾಲು ಆ ತಂತಿಯನ್ನು ದಾಟಿ ಹಳ್ಳಿಯ ಮನೆಗಳಿಗೆ ಕೂಲಿಯಾಗಿ, ಶಾಲೆಯಾಗಿ ತಲುಪುತ್ತಿರಬೇಕು. ಬೇಲಿಯಾಚೆಯ ಮಗು ಈ ಕಾಡು ತನ್ನದೂ ಹೌದು ಎಂದುಕೊಂಡರೆ ಮಾತ್ರ ಈಚೆಯ ಚಿರತೆಯ ಮೊಮ್ಮಗಳು ಉಳಿದಾಳು.