ಫ್ರೆಂಚ್ ಕಲಿಕೆ: ಕಣ್ಣಿಗಿಂತ ಕಿವಿ ಮೊದಲು

ಪಿಯುಸಿಗೆ ಸೇರುವ ದಿನಗಳಲ್ಲಿ ಅನೇಕ ಮನೆಗಳಲ್ಲಿ ಒಂದು ಚರ್ಚೆ ನಡೆಯುತ್ತದೆ: ಎರಡನೇ ಭಾಷೆ ಯಾವುದು? ‘ಫ್ರೆಂಚ್ ತೆಗೆದುಕೋ, ಅಂಕ ಚೆನ್ನಾಗಿ ಬರುತ್ತದೆ’ ಎಂಬ ಸಲಹೆ ಯಾರಿಂದಲಾದರೂ ಬಂದೇ ಬರುತ್ತದೆ. ಅಂಕಗಳೇನೋ ಬರುತ್ತವೆ. ಆದರೆ ತೊಂಬತ್ತು ದಾಟಿದ ವಿದ್ಯಾರ್ಥಿಯೂ ಆ ಭಾಷೆಯಲ್ಲಿ ಒಂದು ಲೋಟ ನೀರು ಕೇಳಲು ತಡವರಿಸುವುದುಂಟು. ಇದಕ್ಕೆ ಕಾರಣ ದಡ್ಡತನವಲ್ಲ. ಇಂಗ್ಲಿಷ್ ಬಲ್ಲ ನಾವು ಫ್ರೆಂಚನ್ನು ಕಣ್ಣಿನಿಂದ ಕಲಿಯುತ್ತೇವೆ. ಕಂಡ ಅಕ್ಷರವನ್ನು ಇಂಗ್ಲಿಷಿನಂತೆಯೇ ಉಚ್ಚರಿಸುತ್ತೇವೆ.

ನೆಂಟಸ್ತಿಕೆಯ ಲಾಭ, ನಷ್ಟ

1066ರಲ್ಲಿ ನಾರ್ಮಂಡಿಯ ವಿಲಿಯಂ ಇಂಗ್ಲೆಂಡನ್ನು ಗೆದ್ದ. ಮುಂದೆ ಬಹುಕಾಲ ಅಲ್ಲಿನ ಆಸ್ಥಾನ ಮತ್ತು ನ್ಯಾಯಾಲಯಗಳಲ್ಲಿ ಫ್ರೆಂಚ್ ನಡೆಯಿತು. ಹೀಗಾಗಿ ಸಾವಿರಾರು ಫ್ರೆಂಚ್ ಪದಗಳು ಇಂಗ್ಲಿಷಿಗೆ ಬಂದವು. ಟೇಬಲ್, ಫ್ರೂಟ್, ನೇಷನ್, ಡೇಂಜರ್, ಜಸ್ಟಿಸ್ - ಈ ಪದಗಳ ಕಾಗುಣಿತ ಎರಡೂ ಭಾಷೆಗಳಲ್ಲಿ ಒಂದೇ. ಹೊಸಬರಿಗೆ ಇದು ಪುಕ್ಕಟೆ ಬಂಡವಾಳ.

ಆದರೆ ಉಚ್ಚಾರ ಬೇರೆ. ಫ್ರೆಂಚರ ಬಾಯಲ್ಲಿ ಟೇಬಲ್ ‘ತಾಬ್ಲ್’ ಆಗುತ್ತದೆ, ಡೇಂಜರ್ ‘ದಾಂಝೆ’ ಆಗುತ್ತದೆ. ಕೆಲವು ಕಡೆ ಅರ್ಥವೂ ಕೈಕೊಡುತ್ತದೆ. ಇಂಗ್ಲಿಷಿನಲ್ಲಿ ನೋವು ಎಂಬರ್ಥದ ‘ಪೇನ್’ ಕಾಗುಣಿತವನ್ನೇ ಫ್ರೆಂಚರು ‘ಪ್ಯಾಂ’ ಎಂದು ಓದುತ್ತಾರೆ, ಅರ್ಥ ಬ್ರೆಡ್ಡು. ‘ಲಿಬ್ರೇರಿ’ ಎಂದರೆ ಗ್ರಂಥಾಲಯವಲ್ಲ, ಪುಸ್ತಕದ ಅಂಗಡಿ. ಗ್ರಂಥಾಲಯಕ್ಕೆ ‘ಬಿಬ್ಲಿಯೊತೆಕ್’ ಎನ್ನಬೇಕು.

ಬರೆದದ್ದೆಲ್ಲ ಓದುವುದಕ್ಕಲ್ಲ

ಫ್ರೆಂಚ್ ಪದದ ಕೊನೆಯ ವ್ಯಂಜನ ಸಾಮಾನ್ಯವಾಗಿ ಮೌನ. ಪ್ಯಾರಿಸ್ ನಗರ ಅಲ್ಲಿನವರಿಗೆ ‘ಪಾರಿ’. ಸಿ, ಆರ್, ಎಫ್, ಎಲ್ - ಈ ನಾಲ್ಕು ಮಾತ್ರ ಅನೇಕ ಪದಗಳ ಕೊನೆಯಲ್ಲಿ ಕೇಳಿಸುತ್ತವೆ. ಇಂಗ್ಲಿಷಿನ ‘ಕೇರ್‌ಫುಲ್’ ಪದದ ವ್ಯಂಜನಗಳು ಇವೇ ಆದ್ದರಿಂದ ನೆನಪಿಡುವುದು ಸುಲಭ. ಇದಕ್ಕೂ ಅಪವಾದಗಳಿವೆ, ಮೇಲಿನ ‘ದಾಂಝೆ’ಯಲ್ಲಿ ಆರ್ ಕೇಳಿಸದು.

ಹೀಗೆ ಮೌನವಾಗಿದ್ದ ವ್ಯಂಜನ, ಮುಂದಿನ ಪದ ಸ್ವರದಿಂದ ಆರಂಭವಾದಾಗ ಕೆಲವೊಮ್ಮೆ ಎಚ್ಚರಗೊಳ್ಳುತ್ತದೆ. ಗೆಳೆಯರು ಎನ್ನಲು ‘ಲೆ’ ಮತ್ತು ‘ಆಮಿ’ ಸೇರಿ ‘ಲೆಜಾಮಿ’ ಆಗುತ್ತದೆ. ಸಂಧಿ ಬಲ್ಲ ಕನ್ನಡಿಗರಿಗೆ ಇದೇನೂ ವಿಚಿತ್ರವಲ್ಲ.

ಕನ್ನಡ ನಾಲಿಗೆಯ ಅನುಕೂಲ

ಇಂಗ್ಲಿಷರಿಗೆ ಕಷ್ಟವಾದ ಕೆಲವು ಸಂಗತಿಗಳು ನಮಗೆ ಹುಟ್ಟಿನಿಂದಲೇ ಬಂದಿವೆ. ಫ್ರೆಂಚಿನ ಟಿ ಮತ್ತು ಡಿ ನಮ್ಮ ತ ಮತ್ತು ದ. ನಾಲಿಗೆ ಹಲ್ಲಿಗೆ ತಾಗಬೇಕು. ಇಂಗ್ಲಿಷ್ ಓದಿದ ಅಭ್ಯಾಸದಿಂದ ನಾವೇ ಅದನ್ನು ಟ, ಡ ಮಾಡಿಬಿಡುತ್ತೇವೆ. ಬಾಯಿಯ ಮುಂದೆ ಕಾಗದದ ಚೂರು ಹಿಡಿದು ಇಂಗ್ಲಿಷರು ‘ಪೆನ್’ ಎಂದರೆ ಅದು ಅಲುಗುತ್ತದೆ. ಕನ್ನಡದ ‘ಪದ’ ಎಂದರೆ ಅಷ್ಟು ಅಲುಗದು. ಫ್ರೆಂಚಿಗೆ ಬೇಕಾದ ಪಕಾರ ಇದೇ. ಇನ್ನು ‘ತ್ಯು’ ಮತ್ತು ‘ವೂ’ಗಳ ವ್ಯತ್ಯಾಸ ನಮ್ಮ ನೀನು, ನೀವುಗಳಂತೆಯೇ. ಗುರುಗಳಿಗೆ, ಅಪರಿಚಿತರಿಗೆ ‘ವೂ’ ಎನ್ನಬೇಕೆಂದು ಕನ್ನಡದ ಮಗುವಿಗೆ ಬಿಡಿಸಿ ಹೇಳಬೇಕಿಲ್ಲ.

ಶ್ರಮ ಬೇಡುವ ಧ್ವನಿಗಳೂ ಇವೆ. ಅವರ ‘ಯು’ ಸ್ವರಕ್ಕೆ ತುಟಿಗಳನ್ನು ಊಕಾರಕ್ಕೆಂಬಂತೆ ದುಂಡಾಗಿಸಿ, ಒಳಗೆ ನಾಲಿಗೆಯಿಂದ ‘ಈ’ ಎನ್ನಬೇಕು. ಆರ್ ಗಂಟಲಿನಿಂದ ಬರುತ್ತದೆ. ‘ಬೊಂಜೂರ್’ನಲ್ಲಿ ನಕಾರವನ್ನು ನುಡಿಯದೆ, ಸ್ವರವನ್ನೇ ಮೂಗಿನಿಂದ ಹೊರಡಿಸಬೇಕು, ನಾವು ‘ಹ್ಞಾಂ’ ಎಂದು ಓಗೊಡುವ ಹಾಗೆ.

ಲಿಂಗ ಇನ್ನೊಂದು ತೊಡಕು. ಮೇಜು ಸ್ತ್ರೀಲಿಂಗ, ಪುಸ್ತಕ ಪುಲ್ಲಿಂಗ. ಬರಿಯ ‘ತಾಬ್ಲ್’ ಎಂದು ಉರು ಹೊಡೆಯದೆ ‘ಲಾ ತಾಬ್ಲ್’, ‘ಲ ಲೀವ್ರ್’ ಎಂದು ಜೋಡಿಯಾಗಿಯೇ ಕಲಿಯಬೇಕು. ಆಮೇಲೆ ಸೇರಿಸಿಕೊಳ್ಳುತ್ತೇನೆಂದರೆ ಎರಡು ಸಲ ಕಲಿತಂತೆ.

ಪಾಲಕರಿಗೆ ಒಂದು ಮಾತು

ಫ್ರಾನ್ಸಿನ ಶಿಕ್ಷಣ ಸಚಿವಾಲಯ ಹೊರನಾಡಿನ ಕಲಿಕೆದಾರರಿಗೆ ನೀಡುವ ಪ್ರಮಾಣಪತ್ರ ‘ಡೆಲ್ಫ್’. ಅದರ ಆರಂಭದ ಹಂತವಾದ ಎ-1ರಲ್ಲಿ ಕೇಳುವುದು, ಓದುವುದು, ಬರೆಯುವುದು, ಮಾತನಾಡುವುದು - ತಲಾ 25 ಅಂಕ. ಅಂದರೆ ಅರ್ಧದಷ್ಟು ಅಂಕ ಕಿವಿ ಮತ್ತು ನಾಲಿಗೆಗೆ. ಒಟ್ಟು 50 ಬಂದರೆ ಉತ್ತೀರ್ಣ; ಆದರೆ ಪ್ರತಿ ಭಾಗದಲ್ಲೂ ಕನಿಷ್ಠ 5 ಬರಲೇಬೇಕು. ಬರೆದದ್ದನ್ನು ಬಾಯಿಪಾಠ ಮಾಡಿದವರು ಎಡವುವುದು ಇಲ್ಲಿಯೇ.

ಆದ್ದರಿಂದ ವಾರಕ್ಕೊಮ್ಮೆ ಎರಡು ಗಂಟೆ ಕೂರುವುದಕ್ಕಿಂತ ದಿನಕ್ಕೆ ಹದಿನೈದು ನಿಮಿಷ ಮೇಲು. ಮೊದಲು ಪುಸ್ತಕ ಮುಚ್ಚಿ ಧ್ವನಿಮುದ್ರಣ ಕೇಳಲಿ, ಗಟ್ಟಿಯಾಗಿ ಅನುಕರಿಸಲಿ, ಕಾಗುಣಿತ ನೋಡುವುದು ಆನಂತರ. ಇಲ್ಲಿ ಕನ್ನಡ ಲಿಪಿಯಲ್ಲಿ ಕೊಟ್ಟಿರುವ ಉಚ್ಚಾರಗಳು ಕೇವಲ ಕೈಮರ. ಊರು ಸೇರಲು ಕಿವಿಯೇ ದಾರಿ. ಮಗ ಅಥವಾ ಮಗಳು ಕನ್ನಡಿಯ ಮುಂದೆ ತುಟಿ ಚೂಪು ಮಾಡಿ ವಿಚಿತ್ರ ಸ್ವರ ಹೊರಡಿಸುತ್ತಿದ್ದರೆ ನಗಬೇಡಿ. ಪಾಠ ಸರಿಯಾಗಿ ನಡೆಯುತ್ತಿದೆ ಎಂದೇ ಅರ್ಥ.