ಹೆಲಿಕಾಪ್ಟರಿಗೆ ಆರೈಕೆ ಏಕೆ ಬೇಕು?

ಗೆಳೆಯರೇ, ಆಕಾಶದಲ್ಲಿ ಹೆಲಿಕಾಪ್ಟರಿನ ಸದ್ದು ಕೇಳಿದರೆ ಸಾಕು, ನಾವೆಲ್ಲ ಪುಸ್ತಕ ಬಿಟ್ಟು ಅಂಗಳಕ್ಕೆ ಓಡುತ್ತೇವೆ. ಆದರೆ ಅದು ಕೆಳಗಿಳಿದ ಮೇಲೆ ಏನೇನು ಕೆಲಸ ನಡೆಯುತ್ತದೆ, ಗೊತ್ತೇ?

ಗಾಡಿಯ ಅಚ್ಚು ಮುರಿದರೆ ಗಾಡಿ ದಾರಿಯಲ್ಲಿ ನಿಲ್ಲುತ್ತದೆ. ಪಂಪ್‌ಸೆಟ್ ಕೆಟ್ಟರೆ ಮೆಕ್ಯಾನಿಕ್ ಬರೋ ತನಕ ಕಾಯಬಹುದು. ಹೆಲಿಕಾಪ್ಟರಿನಲ್ಲಿ ಹಾಗಲ್ಲ. ಇಂಜಿನ್ ನಿಂತರೂ ಕೆಳಗಿನಿಂದ ನುಗ್ಗುವ ಗಾಳಿಗೆ ಮೇಲಿನ ರೆಕ್ಕೆಗಳು, ಅಂದರೆ ರೋಟರ್, ತಿರುಗುತ್ತಲೇ ಇರುತ್ತದೆ. ನುರಿತ ಪೈಲಟ್ ಹಾಗೆಯೇ ಇಳಿಸಬಲ್ಲರು. ಆದರೆ ರೋಟರನ್ನು ತಿರುಗಿಸುವ ಗೇರ್‌ಬಾಕ್ಸೇ ಒಡೆದರೆ? ಅದಕ್ಕೆ ಬೇರೆ ಉಪಾಯವಿಲ್ಲ. ಆದ್ದರಿಂದ ಕೆಟ್ಟ ಮೇಲೆ ರಿಪೇರಿ ಅನ್ನೋ ಮಾತು ಇಲ್ಲಿ ನಡೆಯೋದಿಲ್ಲ. ಕೆಡುವ ಮೊದಲೇ ಕಂಡುಹಿಡಿಯಬೇಕು.

ಅದು ಹೇಗೆ? ಮೊದಲನೆಯದು ಗಂಟೆಯ ಲೆಕ್ಕ. ಎಷ್ಟು ಗಂಟೆ ಹಾರಿತೆಂದು ಪುಸ್ತಕದಲ್ಲಿ ಬರೆದಿಡುತ್ತಾರೆ. ಮುಖ್ಯವಾದ ಕೆಲವು ಭಾಗಗಳಿಗೆ ಇಷ್ಟೇ ಆಯುಷ್ಯ ಎಂದು ಗೊತ್ತುಮಾಡಿರುತ್ತಾರೆ. ಅದು ಮುಗಿದರೆ, ಭಾಗವು ಹೊಸದರಂತೆ ಹೊಳೆಯುತ್ತಿದ್ದರೂ ತೆಗೆದುಹಾಕಲೇಬೇಕು. ತಂತಿಯನ್ನು ಹಿಂದಕ್ಕೂ ಮುಂದಕ್ಕೂ ಬಗ್ಗಿಸುತ್ತಾ ಹೋದರೆ ಪಟ್ಟನೆ ಮುರಿಯುತ್ತದಲ್ಲ, ಹಾಗೆಯೇ ಅದುರಿ ಅದುರಿ ಲೋಹವೂ ದಣಿಯುತ್ತದೆ.

ಎರಡನೆಯದು ಎಣ್ಣೆ. ಗೇರ್‌ಬಾಕ್ಸಿನ ಎಣ್ಣೆಯಲ್ಲಿ ಒಂದು ಸಣ್ಣ ಅಯಸ್ಕಾಂತ ಇಟ್ಟಿರುತ್ತಾರೆ. ಗೇರು ಸವೆದು ಉಕ್ಕಿನ ಚೂರು ಕಳಚಿದರೆ ಅದಕ್ಕೆ ಬಂದು ಅಂಟಿಕೊಳ್ಳುತ್ತದೆ. ಒಳಗೆ ಏನೋ ಸರಿಯಿಲ್ಲ ಎಂಬ ಸೂಚನೆ ಅದು.

ಮೂರನೆಯದು ಶಿಸ್ತು. ಕೆಲಸ ಮುಗಿದ ಮೇಲೆ ಸ್ಪ್ಯಾನರ್, ಸ್ಕ್ರೂಡ್ರೈವರ್ ಎಲ್ಲವನ್ನೂ ಎಣಿಸುತ್ತಾರೆ. ಒಂದು ಒಳಗೆ ಉಳಿದರೂ ಅಪಾಯ. ಮುಖ್ಯ ಕೆಲಸಗಳನ್ನು ಒಬ್ಬರು ಮಾಡಿದರೆ ಇನ್ನೊಬ್ಬರು ಪರೀಕ್ಷಿಸಿ ಸಹಿ ಹಾಕುತ್ತಾರೆ.

ಒಂದು ಚೂರಿಗೆ ಇಷ್ಟೆಲ್ಲ ಯಾಕೆ ಅನ್ನಬಹುದು. ಕೇಳಿ. 2009ರ ಏಪ್ರಿಲ್ 1ರಂದು ಸ್ಕಾಟ್ಲೆಂಡಿನ ಬಳಿಯ ಉತ್ತರ ಸಮುದ್ರದ ತೈಲಬಾವಿಯಿಂದ ಕೆಲಸಗಾರರನ್ನು ಕರೆತರುತ್ತಿದ್ದ ಸೂಪರ್ ಪೂಮಾ ಹೆಲಿಕಾಪ್ಟರಿನ ಗೇರ್‌ಬಾಕ್ಸ್ ಒಡೆದು ರೋಟರ್ ಕಳಚಿಹೋಯಿತು. ಅದರಲ್ಲಿದ್ದ 16 ಜನರೂ ಸತ್ತರು. ವಾರದ ಹಿಂದೆ, ಮಾರ್ಚ್ 25ರಂದೇ, ಅಯಸ್ಕಾಂತದಲ್ಲಿ ಒಂದು ಲೋಹದ ಚೂರು ಸಿಕ್ಕಿತ್ತೆಂದು ತನಿಖೆಯಲ್ಲಿ ತಿಳಿಯಿತು! ಪರೀಕ್ಷೆ ಮಾಡಿದರೂ ಕೆಡುತ್ತಿದ್ದ ಗೇರು ಪತ್ತೆಯಾಗಿರಲಿಲ್ಲ. ಹೆಲಿಕಾಪ್ಟರ್ ಹಾರುತ್ತಲೇ ಇತ್ತು. ಚೂರು ಸಿಕ್ಕರೆ ಸಾಲದು, ಅದು ಎಲ್ಲಿಂದ ಬಂತು ಎಂದು ತಿಳಿಯುವವರೆಗೂ ಬಿಡಬಾರದು.

ಆರೈಕೆ ಸರಿಯಿದ್ದರೆ ಯಂತ್ರ ಬಹುಕಾಲ ಬಾಳುತ್ತದೆ. ಬೆಂಗಳೂರಿನ ಎಚ್.ಎ.ಎಲ್. ಕಾರ್ಖಾನೆಯು 1960ರ ದಶಕದಲ್ಲಿ ತಯಾರಿಸಲು ತೊಡಗಿದ ಚೇತಕ್ ಮಾದರಿ ಐವತ್ತು ವರ್ಷಕ್ಕೂ ಹೆಚ್ಚು ಕಾಲ ನಮ್ಮ ಸೇನೆಯಲ್ಲಿ ದುಡಿದಿದೆ.

ಮುಂದಿನ ಸಲ ಹೆಲಿಕಾಪ್ಟರ್ ಕಂಡಾಗ ಪೈಲಟ್‌ಗೆ ಕೈ ಬೀಸೋಣ. ಕೆಳಗೇ ಉಳಿದು ಎಣ್ಣೆ ಕೈಯಲ್ಲಿ ದುಡಿಯುವ ಮೆಕ್ಯಾನಿಕ್‌ರನ್ನೂ ನೆನೆಯೋಣ. ಹಾಗೆಯೇ, ಸೈಕಲ್ಲಿನ ಬ್ರೇಕು ಸಡಿಲಾಗಿದ್ದರೆ ನಾಳೆ ನೋಡೋಣ ಅನ್ನದೆ ಇವತ್ತೇ ಬಿಗಿ ಮಾಡಿಸೋಣ.